ಡೆಬಿಯನ್‌ನಲ್ಲಿ ಟೆಸೆರಾಕ್ಟನ್ನು ಸೋರ್ಸ್‌ನಿಂದ ಬಿಲ್ಡ್ ಮಾಡಿದ ನನ್ನ ಅನುಭವ
ಮುದ್ರಿತ ಕನ್ನಡ ಪುಟಗಳ ಸ್ಕ್ಯಾನ್‌ಗಳನ್ನು ಪಠ್ಯವಾಗಿಸಲು ನಾನು ಬಳಸುವುದು ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶವನ್ನು. 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಆರಂಭವಾಗಿ 2005ರಲ್ಲಿ ಮುಕ್ತವಾಗಿ ಬಿಡುಗಡೆಯಾದ ಇದು ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಸಿದ್ಧ ಪ್ಯಾಕೇಜಾಗಿಯೇ ದೊರೆಯುತ್ತದೆ. ದಿನನಿತ್ಯದ ಬಳಕೆಗೆ ಅದೇ ಸಾಕು. ಆದರೆ ಕೋಡನ್ನು ಒಂದೆರಡು ಕಡೆ ತಿದ್ದಿ ಫಲಿತಾಂಶ ಹೇಗೆ ಬದಲಾಗುತ್ತದೆಂದು ನೋಡಬೇಕಾದಾಗ, ಇಲ್ಲವೇ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಹೊಸದಾಗಿ ಸೇರಿದ ಬದಲಾವಣೆಯನ್ನು ಕನ್ನಡ ಪುಟಗಳ ಮೇಲೆ ಪರೀಕ್ಷಿಸಬೇಕಾದಾಗ, ಸೋರ್ಸ್‌ನಿಂದಲೇ, ಅಂದರೆ ಮೂಲ ಕೋಡನ್ನು ಕಂಪೈಲ್ ಮಾಡಿ, ಬಿಲ್ಡ್ ಮಾಡಿಕೊಳ್ಳಬೇಕಾಗುತ್ತದೆ.

ಮೊದಲು ಹಾಕಿಕೊಂಡದ್ದು ಬಿಲ್ಡ್-ಎಸೆನ್ಷಿಯಲ್ ಪ್ಯಾಕೇಜನ್ನು. ಸಿ ಮತ್ತು ಸಿ++ ಕಂಪೈಲರ್‌ಗಳು, ಅವುಗಳನ್ನು ಕ್ರಮವಾಗಿ ಓಡಿಸುವ ಮೇಕ್, ಸಿ ಲೈಬ್ರರಿಯ ಹೆಡರ್ ಫೈಲುಗಳು (ಲೈಬ್ರರಿಯಲ್ಲಿ ಏನೇನಿದೆಯೆಂದು ಕಂಪೈಲರ್‌ಗೆ ತಿಳಿಸುವ ಫೈಲುಗಳು) ಅದರೊಂದಿಗೇ ಬರುತ್ತವೆ. ಗಿಟ್‌ನಿಂದ ತಂದ ಸೋರ್ಸ್‌ನಲ್ಲಿ ಬೇಕಾದದ್ದೆಲ್ಲ ಯಂತ್ರದಲ್ಲಿದೆಯೇ ಎಂದು ಪರೀಕ್ಷಿಸಿ ಬಿಲ್ಡ್‌ಗೆ ಅಣಿಮಾಡುವ ಕಾನ್ಫಿಗರ್ ಸ್ಕ್ರಿಪ್ಟ್ ಇರುವುದಿಲ್ಲ. ಆಟೋಜೆನ್ ಸ್ಕ್ರಿಪ್ಟ್ ಓಡಿಸಿ ಅದನ್ನು ತಯಾರಿಸಿಕೊಳ್ಳಬೇಕಾದ್ದರಿಂದ ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್, ಲೈಬ್ರರಿಗಳು ಎಲ್ಲಿವೆಯೆಂದು ಹೇಳುವ ಪಿಕೆಜಿ-ಕಾನ್ಫಿಗ್ ಇವೂ ಬೇಕು.

ಅನಂತರದ ಪ್ರಶ್ನೆ ಲೈಬ್ರರಿಗಳದ್ದು. ಡೆಬಿಯನ್‌ನಲ್ಲಿ ಪ್ರೋಗ್ರಾಂ ಓಡಲು ಬೇಕಾದ ಲೈಬ್ರರಿ ಒಂದು ಪ್ಯಾಕೇಜಿನಲ್ಲೂ, ಕಂಪೈಲ್ ಮಾಡಲು ಬೇಕಾದ ಅದರ ಹೆಡರ್ ಫೈಲುಗಳು 'ಡೆವ್' ಎಂದು ಹೆಸರು ಕೊನೆಗೊಳ್ಳುವ ಇನ್ನೊಂದು ಪ್ಯಾಕೇಜಿನಲ್ಲೂ ಇರುತ್ತವೆ. ಇವುಗಳನ್ನು ಒಂದೊಂದಾಗಿ ಹುಡುಕುವ ಬದಲು, ಪ್ಯಾಕೇಜುಗಳನ್ನು ಹಾಕಿಕೊಡುವ ಆಪ್ಟ್‌ನ ಸೋರ್ಸಸ್ ಫೈಲಿನಲ್ಲಿ, ಸೋರ್ಸ್ ಪ್ಯಾಕೇಜುಗಳ ವಿಳಾಸ ಕೊಡುವ ಡೆಬ್-ಎಸ್‌ಆರ್‌ಸಿ ಸಾಲುಗಳನ್ನು ಸೇರಿಸಿ, ಅಪ್‌ಡೇಟ್ ಮಾಡಿ, ಟೆಸೆರಾಕ್ಟ್ ಮತ್ತು ಲೆಪ್ಟೊನ್‌ಲಿಬ್ (ಲೆಪ್ಟೋನಿಕಾ ಎಂಬ ಚಿತ್ರ ಲೈಬ್ರರಿಗೆ ಡೆಬಿಯನ್‌ನಲ್ಲಿರುವ ಹೆಸರು) ಎಂಬ ಎರಡು ಸೋರ್ಸ್ ಪ್ಯಾಕೇಜುಗಳಿಗೆ ಆಪ್ಟ್‌ನ ಬಿಲ್ಡ್-ಡೆಪ್ ಆದೇಶ ಕೊಟ್ಟೆ. ಡೆಬಿಯನ್ ನಿರ್ವಾಹಕರು ಆ ತಂತ್ರಾಂಶವನ್ನು ಕಟ್ಟಲು ಏನೇನು ಬೇಕೆಂದು ಬರೆದಿಟ್ಟಿದ್ದಾರೋ ಅದೆಲ್ಲವೂ ಒಂದೇ ಸಲಕ್ಕೆ ಬಂದುಬಿಡುತ್ತದೆ. ಇಷ್ಟು ಉಪಯುಕ್ತವಾದ ಆದೇಶವನ್ನು ಎಷ್ಟೋ ಮಂದಿ ಬಳಸುವುದೇ ಇಲ್ಲ ಎಂಬುದು ನನಗೆ ಬೇಸರದ ಸಂಗತಿ.

ಬಿಲ್ಡ್ ಆದದ್ದನ್ನು ಎಲ್ಲಿಡಬೇಕೆಂಬುದನ್ನೂ ಮೊದಲೇ ನಿರ್ಧರಿಸಿದೆ. ಕಾನ್ಫಿಗರ್‌ಗೆ ಏನನ್ನೂ ಹೇಳದಿದ್ದರೆ ಅದು ಯುಎಸ್‌ಆರ್ ಲೋಕಲ್ ಫೋಲ್ಡರನ್ನು ಆರಿಸಿಕೊಳ್ಳುತ್ತದೆ. ನಾನು ಹೋಮ್ ಫೋಲ್ಡರಿನೊಳಗೆ ಬೇರೆಯೇ ಒಂದು ಜಾಗ ಮಾಡಿ ಅದನ್ನು ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗುವ ಜಾಗ) ಆಗಿ ಕೊಟ್ಟೆ. ಇದರಿಂದ ಇನ್‌ಸ್ಟಾಲ್ ಮಾಡಲು ಸುಡೊ (ನಿರ್ವಾಹಕರ ಅಧಿಕಾರ) ಬೇಕಾಗುವುದಿಲ್ಲ, ಆಪ್ಟ್ ಹಾಕಿದ ಟೆಸೆರಾಕ್ಟ್ ಹಾಗೆಯೇ ಉಳಿಯುತ್ತದೆ, ಬೇಡವಾದ ದಿನ ಆ ಫೋಲ್ಡರನ್ನು ಅಳಿಸಿದರೆ ಮುಗಿಯಿತು.

ಟೆಸೆರಾಕ್ಟ್ ಚಿತ್ರಗಳನ್ನು ಓದುವುದು ಲೆಪ್ಟೋನಿಕಾ ಲೈಬ್ರರಿಯ ಮೂಲಕ, ಹಾಗಾಗಿ ಮೊದಲು ಅದನ್ನೇ ಕಟ್ಟಿದೆ. ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ. ಟಿಫ್, ಪಿಎನ್‌ಜಿ, ಜೆಪೆಗ್ ಲೈಬ್ರರಿಗಳ ಹೆಡರ್‌ಗಳು ಇಲ್ಲದಿದ್ದರೂ ಲೆಪ್ಟೋನಿಕಾ ಯಾವ ತಕರಾರೂ ಇಲ್ಲದೆ ಬಿಲ್ಡ್ ಆಗುತ್ತದೆ. ಆಮೇಲೆ ಆ ಬಗೆಯ ಚಿತ್ರಗಳನ್ನು ಮಾತ್ರ ತೆರೆಯಲಾರದು. ಟೆಸೆರಾಕ್ಟ್‌ಗೆ ಅಕ್ಷರ ಗುರುತಿಸುವುದನ್ನು ಕಲಿಸುವ ತರಬೇತಿ ಸಲಕರಣೆಗಳದ್ದೂ ಇದೇ ಕಥೆ: ಐಸಿಯು, ಪ್ಯಾಂಗೊ, ಕೈರೊ ಎಂಬ ಲೈಬ್ರರಿಗಳು ಇಲ್ಲದಿದ್ದರೆ ಕಾನ್ಫಿಗರ್ ನಿಲ್ಲುವುದಿಲ್ಲ, ತರಬೇತಿ ಸಲಕರಣೆಗಳನ್ನು ಕಟ್ಟಲಾಗದು ಎಂದು ಕೊನೆಯಲ್ಲಿ ಒಂದು ಸಾಲು ಹೇಳಿ ಮುಂದೆ ಸಾಗುತ್ತದೆ. ಕೊಟ್ಟ ಕನ್ನಡ ಪಠ್ಯವನ್ನು ಬೇಕಾದ ಫಾಂಟಿನಲ್ಲಿ ಚಿತ್ರವಾಗಿಸುವ ಟೆಕ್ಸ್ಟ್‌ಟುಇಮೇಜ್ ಪ್ರೋಗ್ರಾಂ ಆ ಸಲಕರಣೆಗಳಲ್ಲೇ ಇರುವುದರಿಂದ ಅದನ್ನು ಬಿಡುವಂತಿಲ್ಲ. ಆದ್ದರಿಂದಲೇ ಕಾನ್ಫಿಗರ್‌ನ ಔಟ್‌ಪುಟ್‌ನಲ್ಲಿ 'ನೋ' ಎಂದು ಬಂದ ಪ್ರತಿ ಸಾಲನ್ನೂ ನಿಂತು ಓದುತ್ತೇನೆ; ಸಂಶಯ ಬಂದರೆ ಕಾನ್ಫಿಗ್.ಲಾಗ್ ಫೈಲನ್ನು ತೆರೆದು ಆ ಪರೀಕ್ಷೆ ಏಕೆ ವಿಫಲವಾಯಿತೆಂದು ನೋಡುತ್ತೇನೆ.

ಬಿಲ್ಡ್-ಡೆಪ್‌ನಿಂದಾಗಿ ಯಂತ್ರದಲ್ಲಿ ಈಗ ಎರಡು ಲೆಪ್ಟೋನಿಕಾಗಳಿವೆ, ಡೆಬಿಯನ್‌ನದೊಂದು, ನಾನು ಕಟ್ಟಿದ್ದೊಂದು. ನನ್ನದನ್ನೇ ಬಳಸಬೇಕೆಂದು ತಿಳಿಸಲು, ಪ್ರಿಫಿಕ್ಸ್‌ನೊಳಗಿನ ಪಿಕೆಜಿಕಾನ್ಫಿಗ್ ಫೋಲ್ಡರಿನ ವಿಳಾಸವನ್ನು ಪಿಕೆಜಿ-ಕಾನ್ಫಿಗ್-ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಟ್ಟು, ಆಮೇಲೆ ಟೆಸೆರಾಕ್ಟ್‌ನ ಕಾನ್ಫಿಗರ್ ಓಡಿಸಿದೆ. ಬಿಲ್ಡ್ ಮುಗಿದ ಮೇಲೆ ಎಲ್‌ಡಿಡಿ ಆದೇಶ ಕೊಟ್ಟರೆ ಯಾವ ಫೋಲ್ಡರಿನ ಲೈಬ್ರರಿ ಸೇರಿದೆಯೆಂಬುದು ಕಾಣುತ್ತದೆ. ಟೆಸೆರಾಕ್ಟ್‌ನ ವರ್ಷನ್ ಕೇಳಿದರೆ ಲೆಪ್ಟೋನಿಕಾದ ಆವೃತ್ತಿಯೂ, ಅದಕ್ಕೆ ಸೇರಿರುವ ಚಿತ್ರ ಲೈಬ್ರರಿಗಳ ಹೆಸರುಗಳೂ ಬರುತ್ತವೆ. ಈ ಎರಡನ್ನೂ ನೋಡಿಯೇ ಮುಂದುವರಿಯುವುದು ಲೇಸು.

ಮೇಕ್ ಓಡಿಸುವಾಗ ಮೆಮೊರಿಯ ಕಡೆ ಗಮನವಿರಲಿ. ಸಿ++ ಕಂಪೈಲ್‌ಗೆ ಸಾಕಷ್ಟು ಮೆಮೊರಿ ಬೇಕು. 4 ಜಿಬಿ ಇರುವ ಯಂತ್ರದಲ್ಲಿ ಎಲ್ಲ ಕೋರ್‌ಗಳಿಗೂ ಒಟ್ಟಿಗೆ ಕೆಲಸ ಹಚ್ಚಿದರೆ ಕರ್ನಲ್ ಕಂಪೈಲರನ್ನೇ ನಡುವೆ ಕೊಂದುಬಿಡಬಹುದು. 'ಕಿಲ್ಡ್' ಎಂಬ ಸಂದೇಶ ಕಂಡರೆ ಕೋಡಿನಲ್ಲಿ ತಪ್ಪು ಹುಡುಕಬೇಕಿಲ್ಲ, ಒಟ್ಟಿಗೆ ಎಷ್ಟು ಕೆಲಸ ಓಡಬೇಕೆಂದು ಹೇಳುವ ಮೇಕ್‌ನ ಜೆ ಆಯ್ಕೆಯ ಸಂಖ್ಯೆಯನ್ನು ಇಳಿಸಿದರೆ ಸಾಕು.

ಸೋರ್ಸ್‌ನಿಂದ ಕಟ್ಟಿದ ಟೆಸೆರಾಕ್ಟ್‌ನೊಂದಿಗೆ ಭಾಷೆಯ ಡೇಟಾ (ಆ ಭಾಷೆಯ ಅಕ್ಷರ ಗುರುತಿಸಲು ಕಲಿತ ಮಾದರಿ) ಬರುವುದಿಲ್ಲ. ಕನ್ನಡದ ಟ್ರೇನ್ಡ್‌ಡೇಟಾ ಫೈಲನ್ನು ತಂದು ಪ್ರಿಫಿಕ್ಸ್‌ನ ಶೇರ್ ಫೋಲ್ಡರಿನೊಳಗಿನ ಟೆಸ್‌ಡೇಟಾದಲ್ಲಿ ಇಡಬೇಕು, ಅಥವಾ ಟೆಸ್‌ಡೇಟಾ-ಪ್ರಿಫಿಕ್ಸ್ ವೇರಿಯಬಲ್‌ನಲ್ಲಿ ಅದಿರುವ ಜಾಗವನ್ನು ತಿಳಿಸಬೇಕು. ಈ ಡೇಟಾ 'ಫಾಸ್ಟ್' ಮತ್ತು 'ಬೆಸ್ಟ್' ಎಂಬ ಬೇರೆ ಬೇರೆ ಸಂಗ್ರಹಗಳಲ್ಲಿ ಸಿಗುತ್ತದೆ. ಡೆಬಿಯನ್ ಪ್ಯಾಕೇಜು ಕೊಡುವುದು ಫಾಸ್ಟ್ ಡೇಟಾವನ್ನು. ಇರುವ ಮಾದರಿಯ ಮೇಲೆ ತರಬೇತಿ ಮುಂದುವರಿಸುವವರಿಗೆ ಬೇಕಾದದ್ದು ಬೆಸ್ಟ್. ಹಳೆಯ ಹಾಗೂ ಹೊಸ ಬಿಲ್ಡ್‌ಗಳನ್ನು ಒಂದೇ ಪುಟದ ಮೇಲೆ ಓಡಿಸಿ ಡಿಫ್ ಮಾಡುವಾಗ, ಅಂದರೆ ಫಲಿತಾಂಶಗಳ ವ್ಯತ್ಯಾಸ ನೋಡುವಾಗ, ಎರಡಕ್ಕೂ ಒಂದೇ ಡೇಟಾ ಫೈಲನ್ನು ಕೊಡುತ್ತೇನೆ. ಹಾಗಲ್ಲದೆ ಒಂದಕ್ಕೆ ಫಾಸ್ಟ್, ಇನ್ನೊಂದಕ್ಕೆ ಬೆಸ್ಟ್ ಕೊಟ್ಟರೆ, ಒತ್ತಕ್ಷರವೊಂದು ಸರಿಹೋದದ್ದು ಕೋಡಿನಿಂದಲೋ ಡೇಟಾದಿಂದಲೋ ಎಂದು ಹೇಳಲು ಬರುವುದಿಲ್ಲ.