ಮೂಡ್ ಕೆಟ್ಟಾಗ ಬೇರೆಯವರಿಗೊಂದು ಸಣ್ಣ ಸಹಾಯ ಮಾಡಿ ನೋಡಿ

ಕೆಲವು ದಿನ ಬೆಳಿಗ್ಗೆ ಎದ್ದಾಗಿನಿಂದಲೇ ಏನೋ ಸರಿ ಇರುವುದಿಲ್ಲ. ಯಾರು ಮಾತಾಡಿಸಿದರೂ ಸಿಡುಕು. ಫೋನ್ ಬಂದರೆ ಕಿರಿಕಿರಿ, ಬರದಿದ್ದರೆ ನನ್ನ ನೆನಪೇ ಯಾರಿಗೂ ಇಲ್ಲ ಅನ್ನುವ ಬೇಜಾರು. ಅಂಥ ದಿನ ನಾನು ಮೊದಲೆಲ್ಲ ಬಾಗಿಲು ಹಾಕಿಕೊಂಡು ಫೋನ್ ಹಿಡಿದು ಮಲಗಿಬಿಡುತ್ತಿದ್ದೆ. ಎರಡು ಗಂಟೆ ಬಿಟ್ಟು ಎದ್ದರೆ ಮೂಡ್ ಇನ್ನಷ್ಟು ಕೆಟ್ಟಿರುತ್ತಿತ್ತು, ಜೊತೆಗೆ ಕಣ್ಣುರಿ ಬೇರೆ.

ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿದ್ದು ಅಂದುಕೊಳ್ಳದೆ. ವಾರವಿಡೀ ಕೂತು ಮಾಡಿದ ಕೆಲಸವನ್ನು ಒಬ್ಬರು ಪೂರ್ತಿ ನೋಡದೆಯೇ ಒಂದೇ ಸಾಲಿನಲ್ಲಿ ಬೇಡ ಅಂದಿದ್ದರು. ಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾ, ಅವರಿಗೆ ಏನು ಹೇಳಬೇಕಿತ್ತು, ಹೇಗೆ ಹೇಳಬೇಕಿತ್ತು ಅಂತ ಮನಸ್ಸಿನಲ್ಲೇ ಜಗಳ ಆಡುತ್ತಿದ್ದೆ. ಅಷ್ಟರಲ್ಲಿ ಮಳೆ ಹನಿಯತೊಡಗಿತು. ಕಿಟಕಿಯಿಂದ ನೋಡಿದರೆ ಪಕ್ಕದ ಮನೆಯವರ ಬಟ್ಟೆ ಇನ್ನೂ ಹಗ್ಗದ ಮೇಲೇ ಇತ್ತು. ಅವರು ಮನೆಯಲ್ಲಿ ಇರಲಿಲ್ಲ. ಓಡಿ ಹೋಗಿ ಎಲ್ಲಾ ಬಾಚಿಕೊಂಡು ಬಂದೆ. ಒದ್ದೆಯಾದವನ್ನು ಕುರ್ಚಿ ಮೇಲೆ ಹರವಿ, ಒಣಗಿದವನ್ನು ಮಡಚುತ್ತಾ ಕೂತೆ. ಅದರಲ್ಲಿ ಮಗುವಿನ ಪುಟ್ಟ ಪುಟ್ಟ ಕಾಲುಚೀಲಗಳು, ಅವುಗಳ ಜೋಡಿ ಹುಡುಕುವುದೇ ಒಂದು ಕೆಲಸ. ಇಪ್ಪತ್ತು ನಿಮಿಷ ಆಗಿರಬಹುದು. ಆ ಇಪ್ಪತ್ತು ನಿಮಿಷ ನಾನು ಯಾರ ಜೊತೆಗೂ ಜಗಳ ಆಡಿರಲಿಲ್ಲ! ಬೇಜಾರು ಪೂರ್ತಿ ಹೋಯಿತು ಅಂತ ಹೇಳುವುದಿಲ್ಲ, ಇತ್ತು. ಆದರೆ ಎದೆ ಹಗುರಾಗಿತ್ತು, ರಾತ್ರಿ ನಿದ್ದೆ ಬಂತು.

ಯಾಕೆ ಹೀಗಾಗುತ್ತದೆ? ಮೂಡ್ ಕೆಟ್ಟಾಗ ಮನಸ್ಸು ಗಾಣದ ಎತ್ತಿನ ಹಾಗೆ ಒಂದೇ ಕಡೆ ಸುತ್ತುತ್ತದೆ. ನನಗೇ ಯಾಕೆ ಹೀಗೆ, ನಾನು ಹಾಗೆ ಮಾಡಬಾರದಿತ್ತು, ನನ್ನನ್ನು ಏನಂದುಕೊಂಡಿದ್ದಾರೆ, ಎಲ್ಲಾ ನಾನು, ನಾನು. ಯೋಚನೆ ಮಾಡಬೇಡ ಅಂತ ನಮಗೆ ನಾವೇ ಹೇಳಿಕೊಂಡರೆ ಇನ್ನೂ ಜಾಸ್ತಿ ಯೋಚನೆ ಬರುತ್ತದೆ. ಬೇರೆಯವರಿಗೆ ಏನು ಬೇಕು ಅಂತ ನೋಡಲು ಹೊರಟಾಗ ಮಾತ್ರ ಆ ಸುತ್ತಾಟ ತಾನಾಗಿ ನಿಲ್ಲುತ್ತದೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಕ್ರೆಗ್ ಮತ್ತು ಜೆನಿಫರ್ ಚೀವೆನ್ಸ್ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಖಿನ್ನತೆ, ಆತಂಕದ ಲಕ್ಷಣಗಳಿದ್ದ 122 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಜನರ ಜೊತೆ ಬೆರೆಯುವ ಕಾರ್ಯಕ್ರಮ ಹಾಕಿಕೊಳ್ಳಬೇಕು, ಇನ್ನೊಂದು ತಮ್ಮ ಯೋಚನೆಗಳನ್ನು ಬರೆದು ತಿದ್ದಿಕೊಳ್ಳಬೇಕು, ಮೂರನೆಯದು ವಾರದಲ್ಲಿ ಎರಡು ದಿನ, ದಿನಕ್ಕೆ ಮೂರರಂತೆ ಯಾರಿಗಾದರೂ ಒಳ್ಳೆಯದು ಮಾಡಬೇಕು. ಮೂರೂ ಗುಂಪಿನವರಿಗೆ ಸ್ವಲ್ಪ ಆರಾಮ ಸಿಕ್ಕಿತು. ಆದರೆ ನಾನು ಒಂಟಿ ಅಲ್ಲ ಅನ್ನುವ ಭಾವನೆ ಜಾಸ್ತಿ ಬಂದಿದ್ದು ಒಳ್ಳೆಯದು ಮಾಡಿದವರಿಗೆ.

ಈಗ ಹೇಗೆ ಮಾಡುವುದು ಅನ್ನೋದಕ್ಕೆ ಬರೋಣ. ಸಹಾಯ ಚಿಕ್ಕದಿರಲಿ, ನಿಜಕ್ಕೂ ಚಿಕ್ಕದು. ಮೂಡ್ ಕೆಟ್ಟ ದಿನ ಮೈಯಲ್ಲಿ ಶಕ್ತಿ ಇರುವುದಿಲ್ಲ, ಅವತ್ತು ಸಮಾಜ ಸೇವೆಗೆ ಹೊರಟರೆ ಅರ್ಧಕ್ಕೆ ಬಿಟ್ಟು ಬಂದು, ಇದೂ ನನ್ನಿಂದ ಆಗಲಿಲ್ಲ ಅಂತ ಇನ್ನೊಂದು ಕೊರಗು ಹಚ್ಚಿಕೊಳ್ಳುತ್ತೀರಿ. ಐದು ನಿಮಿಷದಲ್ಲಿ ಮುಗಿಯಬೇಕು, ಎದ್ದು ಬಟ್ಟೆ ಬದಲಾಯಿಸುವಷ್ಟೂ ತಯಾರಿ ಬೇಡ. ದಾರಿಯಲ್ಲಿ ಬಿದ್ದ ಗಾಜಿನ ಚೂರು ಎತ್ತಿ ಪಕ್ಕಕ್ಕೆ ಹಾಕುವುದು. ಎರಡೂ ಕೈಯಲ್ಲಿ ಸಾಮಾನು ಹಿಡಿದವರಿಗೆ ಬಾಗಿಲು ತೆಗೆದು ನಿಲ್ಲುವುದು. ಕ್ಯೂನಲ್ಲಿ ಮಗು ಎತ್ತಿಕೊಂಡು ನಿಂತವರಿಗೆ ಮುಂದೆ ಹೋಗಿ ಅನ್ನುವುದು. ಮನೆಯಲ್ಲಿ ಬೇರೆಯವರ ಪಾಲಿನ ಪಾತ್ರೆ ಸುಮ್ನೆ ತೊಳೆದಿಡುವುದು. ಅದರಿಂದ ಯಾರಿಗೆ ಅನುಕೂಲ ಅಂತ ನಿಮಗೆ ಗೊತ್ತಿರಲಿ. ಗುರುತಿಲ್ಲದವರಾದರೂ ಪರವಾಗಿಲ್ಲ, ಕಣ್ಣ ಮುಂದೆ ಒಂದು ಮುಖ ಬಂದರೆ ಗಮನ ಬೇಗ ಆ ಕಡೆ ತಿರುಗುತ್ತದೆ.

ಎದ್ದು ಏನೂ ಮಾಡಲು ಆಗುತ್ತಿಲ್ಲವಾ? ಆಗ ಮಾತಿನಿಂದ ಶುರು ಮಾಡಿ. ನನ್ನ ಅನುಭವದಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಇದೇ. ನಿಮಗೆ ಹಿಂದೆ ಯಾವಾಗಲೋ ಒಳ್ಳೆಯದು ಮಾಡಿದ ಒಬ್ಬರನ್ನು ನೆನೆಸಿಕೊಳ್ಳಿ, ಪಾಠ ಹೇಳಿದವರು, ಮೊದಲ ಕೆಲಸದಲ್ಲಿ ಜೊತೆಗಿದ್ದವರು, ಕಷ್ಟದ ದಿನ ಜೊತೆಗೆ ಬಂದು ಕೂತವರು, ಯಾರೇ ಆಗಲಿ, ಅವರಿಗೆ ನಾಲ್ಕು ಸಾಲು ಬರೆಯಿರಿ. ನೀವು ತುಂಬಾ ಒಳ್ಳೆಯವರು ಅಂತ ಬರೆಯಬೇಡಿ, ಅದು ಯಾರಿಗಾದರೂ ಹೇಳುವ ಮಾತು. ಅವರು ಮಾಡಿದ್ದನ್ನೇ ಬರೆಯಿರಿ. "ಸರ್, ಪರೀಕ್ಷೆಗೆ ಮುಂಚೆ ನೀವು ಒಂದು ಸಂಜೆ ಪೂರ್ತಿ ನನಗೆ ಆ ಲೆಕ್ಕ ಹೇಳಿಕೊಟ್ಟಿರಿ. ಇವತ್ತು ನನ್ನ ಮಗಳಿಗೆ ಅದನ್ನೇ ಹೇಳಿಕೊಡುವಾಗ ನಿಮ್ಮ ನೆನಪಾಯಿತು." ಇಷ್ಟು ಸಾಕು. ಉತ್ತರ ಕೊಡಲೇಬೇಕು ಅನ್ನಿಸುವಂಥ ಪ್ರಶ್ನೆ ಕೊನೆಯಲ್ಲಿ ಸೇರಿಸಬೇಡಿ.

ಇಷ್ಟು ವರ್ಷ ಆದಮೇಲೆ ಕಳಿಸಿದರೆ ಏನಂದುಕೊಳ್ಳುತ್ತಾರೋ ಅಂತ ಎಲ್ಲರೂ ಹಿಂಜರಿಯುತ್ತಾರೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಅನ್ನುವ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಹಿಂಜರಿಕೆಯ ಬಗ್ಗೆಯೇ ಇದೆ. ಓದುವವರಿಗೆ ಮುಜುಗರ ಆಗಬಹುದು ಅಂತ ಕೃತಜ್ಞತೆಯ ಪತ್ರ ಬರೆದವರಿಗೆ ಅನ್ನಿಸಿತ್ತು. ಓದಿದವರನ್ನು ಕೇಳಿದರೆ ಮುಜುಗರ ಅಷ್ಟೇನೂ ಇರಲಿಲ್ಲ, ಬರೆದವರು ಊಹಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಖುಷಿಪಟ್ಟಿದ್ದರು. ಹಾಗಾಗಿ ಬರೆದದ್ದನ್ನು ತಿದ್ದುತ್ತಾ ಕೂರಬೇಡಿ, ಕಳಿಸಿಬಿಡಿ.

ಬರೆಯಲೂ ಮನಸ್ಸಿಲ್ಲ, ಮಾತಾಡಲೂ ಬೇಡ ಅನ್ನುವ ದಿನಕ್ಕೂ ಒಂದು ದಾರಿ ಇದೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಗ್ಲಸ್ ಜೆಂಟೈಲ್ ಮತ್ತು ಜೊತೆಗಾರರು ವಿದ್ಯಾರ್ಥಿಗಳಿಗೆ ಒಂದು ಕಟ್ಟಡದೊಳಗೆ 12 ನಿಮಿಷ ಸುಮ್ನೆ ನಡೆದಾಡಲು ಹೇಳಿದರು. ಕೆಲವರು ಎದುರಿಗೆ ಕಂಡ ಪ್ರತಿಯೊಬ್ಬರನ್ನೂ ನೋಡಿ, ಈ ವ್ಯಕ್ತಿ ಸುಖವಾಗಿರಲಿ ಅಂತ ಮನಸಾರೆ ಅಂದುಕೊಳ್ಳಬೇಕಿತ್ತು. ಕೆಲವರು, ನಾನು ಇವರಿಗಿಂತ ಯಾವುದರಲ್ಲಿ ಮೇಲು ಅಂತ ಯೋಚಿಸಬೇಕಿತ್ತು. ಒಳ್ಳೆಯದು ಬಯಸಿದವರ ಖುಷಿ ಹೆಚ್ಚಿತು, ಆತಂಕ ಕಡಿಮೆಯಾಯಿತು. ಹೋಲಿಸಿಕೊಂಡವರಿಗೆ ಏನೂ ಲಾಭ ಆಗಲಿಲ್ಲ. ನಿನಗಿಂತ ಕಷ್ಟದಲ್ಲಿರುವವರನ್ನು ನೋಡಿ ಸಮಾಧಾನ ಮಾಡಿಕೋ ಅಂತ ನಮಗೆ ಎಷ್ಟು ಜನ ಬುದ್ಧಿ ಹೇಳಿಲ್ಲ! ನನಗೆ ಆ ಮಾತಿನಿಂದ ಯಾವತ್ತೂ ಸಮಾಧಾನ ಸಿಕ್ಕಿಲ್ಲ, ಬೇಜಾರಿನ ಮೇಲೆ ನಾಚಿಕೆ ಸೇರಿಕೊಂಡಿದ್ದೇ ಹೆಚ್ಚು. ಬದಲಿಗೆ ಬಸ್ಸಿನಲ್ಲೋ ನಡೆಯುವಾಗಲೋ ಹತ್ತು ಜನರಿಗೆ ಮನಸ್ಸಿನಲ್ಲೇ ಒಳ್ಳೆಯದು ಬಯಸಿ ನೋಡಿ. ಮೊದಲ ಮೂರು ಜನಕ್ಕೆ ಬಾಯಿಪಾಠದ ಹಾಗೆ ಬರುತ್ತದೆ, ಆಮೇಲೆ ಅವರ ಮುಖ ಸರಿಯಾಗಿ ಕಾಣಿಸತೊಡಗುತ್ತದೆ.

ಒಂದು ಮಾಡಿ ಸ್ವಲ್ಪ ಹಗುರ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಬೇಡಿ, ಅದೇ ದಿನ ಇನ್ನೆರಡು ಮಾಡಿ. ಮನಃಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿ ಅವರ ತಂಡ ವಿದ್ಯಾರ್ಥಿಗಳಿಗೆ ಆರು ವಾರ, ವಾರಕ್ಕೆ ಐದು ಉಪಕಾರ ಮಾಡಲು ಹೇಳಿತ್ತು. ಐದನ್ನೂ ಒಂದೇ ದಿನ ಮಾಡಿದವರ ಸಂತೋಷ ಹೆಚ್ಚಿತು, ವಾರವಿಡೀ ಹಂಚಿಕೊಂಡು ಮಾಡಿದವರಲ್ಲಿ ಆ ಬದಲಾವಣೆ ಕಾಣಲಿಲ್ಲ.

ಕೆಲವು ಎಚ್ಚರಿಕೆ ಬೇಕು. ಯಾರ ಮೇಲೆ ಸಿಟ್ಟಿದೆಯೋ ಅವರಿಗೇ ಅವತ್ತೇ ಉಪಕಾರ ಮಾಡಲು ಹೋಗಬೇಡಿ. ಅದು ಹಲ್ಲು ಕಚ್ಚಿಕೊಂಡು ಮಾಡಿದ ಹಾಗಾಗುತ್ತದೆ, ಅವರಿಗೂ ಗೊತ್ತಾಗುತ್ತದೆ. ಥ್ಯಾಂಕ್ಸ್ ಬರುತ್ತದಾ ಅಂತ ಕಾಯಬೇಡಿ. ಕಾಯುತ್ತಾ ಕೂತರೆ ಗಮನ ಮತ್ತೆ ನಮ್ಮ ಕಡೆಗೇ ಬಂತು ಅಲ್ವಾ? ಅದಕ್ಕೇ ನನಗೆ ಯಾರಿಗೂ ಗೊತ್ತಾಗದ ಹಾಗೆ ಮಾಡುವ ಕೆಲಸಗಳು ಜಾಸ್ತಿ ಇಷ್ಟ. ಹಸಿವು, ನಿದ್ದೆಗೆಟ್ಟ ಸುಸ್ತು ಇದ್ದರೆ ಮೊದಲು ಊಟ, ನಿದ್ದೆ. ಇನ್ನು ಮನೆಯಲ್ಲಿ ದಿನವಿಡೀ ಎಲ್ಲರಿಗೂ ಮಾಡಿ ಮಾಡಿ ಸೋತು ಹೋಗಿರುವವರಿಗೆ ಈ ಸಲಹೆ ಅಲ್ಲವೇ ಅಲ್ಲ. ನೀವು ಬೇರೆಯವರು ಮಾಡುವುದನ್ನು ತೆಗೆದುಕೊಳ್ಳಿ. ಯಾರಾದರೂ "ಕೊಡಿ, ಆ ಚೀಲ ನಾನು ಹಿಡಿಯುತ್ತೇನೆ" ಅಂದಾಗ "ಪರವಾಗಿಲ್ಲ, ಬೇಡ" ಅನ್ನುವ ಅಭ್ಯಾಸ ಬಿಟ್ಟು ಕೊಟ್ಟುಬಿಡಿ. ಬೇಡ ಅಂದಾಗಲೆಲ್ಲ ನಿಮ್ಮ ಭಾರವೂ ಇಳಿಯಲಿಲ್ಲ, ಅವರ ಖುಷಿಯೂ ಹೋಯಿತು.

ಇದರಿಂದ ಎಲ್ಲಾ ಸರಿಹೋಗುತ್ತದೆ ಅಂತ ನಂಬಿಸುವುದಿಲ್ಲ. ಈ ವಿಷಯದ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2018ರ ವಿಶ್ಲೇಷಣೆಯ ಪ್ರಕಾರ ಪರಿಣಾಮ ಇದೆ, ಆದರೆ ಸಣ್ಣದರಿಂದ ಮಧ್ಯಮ ಪ್ರಮಾಣದ್ದು. ಒಂದು ಕೆಟ್ಟ ದಿನಕ್ಕೆ ಅಷ್ಟು ಸಾಕಾಗುತ್ತದೆ. ಎರಡು ವಾರಕ್ಕೂ ಹೆಚ್ಚು ಕಾಲ ಬಹುತೇಕ ದಿನವಿಡೀ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ದಯವಿಟ್ಟು ಡಾಕ್ಟರ್ ಹತ್ತಿರ ಹೋಗಿ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡಿ, ಈಗಲೇ ಯಾರಿಗಾದರೂ ಹೇಳಿ.

ಕೊನೆಯದಾಗಿ ಒಂದು ತಯಾರಿ. ಮೂಡ್ ಚೆನ್ನಾಗಿರುವ ದಿನವೇ ಒಂದು ಪಟ್ಟಿ ಬರೆದು ಫೋನಿನಲ್ಲಿ ಇಟ್ಟುಕೊಳ್ಳಿ, ಯಾಕೆಂದರೆ ಕೆಟ್ಟ ದಿನ ಏನೂ ಹೊಳೆಯುವುದಿಲ್ಲ. ನನ್ನದರಲ್ಲಿ ಈಗ ಆರು ಇವೆ. ಮೊದಲನೆಯದು, ಹೊರಗೆ ಹೋಗಿ ಪಕ್ಕದ ಮನೆಯವರ ಬಟ್ಟೆ ಹಗ್ಗದ ಮೇಲಿದೆಯಾ ನೋಡುವುದು.