ಉಂಡ ಮನೆಯ ಹಸಿ ಕಸ

ಧಾರವಾಡದಲ್ಲಿ ನಾನು ಬೆಳೆದ ಮನೆಯಲ್ಲಿ ಊಟಕ್ಕೆ ಬಂದವರು ತಮ್ಮ ಎಲೆಯನ್ನು ತಾವೇ ಎತ್ತುವಂತಿರಲಿಲ್ಲ. ಎಲೆ ಮಡಚಿ, ಕೈತೊಳೆಯಲು ಏಳುವುದಷ್ಟೇ ಅತಿಥಿಯ ಪಾಲಿಗಿದ್ದ ಕೆಲಸ. ಉಳಿದ ಅನ್ನ, ಪಲ್ಯ, ಸಾರನ್ನೆಲ್ಲ ಮನೆಯವರು ಮುಸುರೆಯ ಬಕೆಟ್ಟಿಗೆ ಸುರಿಯುತ್ತಿದ್ದರು, ಸಂಜೆಗೆ ಅದು ಹಿತ್ತಲಿನ ಎಮ್ಮೆಯ ಪಾಲಾಗುತ್ತಿತ್ತು. ಹಿತ್ತಲೂ ಎಮ್ಮೆಯೂ ಇಲ್ಲದ ಪುಣೆಯ ಫ್ಲ್ಯಾಟುಗಳಿಗೆ ಬಂದ ಮೇಲೆ, ಉಂಡವರ ಎಂಜಲು ಎಲ್ಲಿಗೆ ಹೋಗಬೇಕು, ಅದನ್ನು ಯಾರು ಮುಟ್ಟಬೇಕು ಎಂಬುದನ್ನು ನಾನು ಹೊಸದಾಗಿ ಕಲಿಯಬೇಕಾಯಿತು. ಒಂದು ತಪ್ಪಿನಿಂದಲೇ ಕಲಿತೆ.

ಪುಣೆಯದೇ ಬಡಾವಣೆಯಾದ ಕೋಥ್ರೂಡಿನಲ್ಲಿರುವ ವೈನಿಯ (ಅತ್ತಿಗೆಯ) ಮನೆಗೆ ಗೌರಿ ಹಬ್ಬಕ್ಕೆಂದು ಹೋಗಿ ಒಂದು ವಾರ ಉಳಿದಿದ್ದೆ. ಮೊದಲ ದಿನ ಊಟವಾದ ಮೇಲೆ ಅವರಿಗೆ ನೆರವಾಗೋಣವೆಂದು, ಕೇಳದೆಯೇ ಎಲ್ಲರ ತಟ್ಟೆಗಳನ್ನು ಒಟ್ಟುಗೂಡಿಸಿ, ಉಳಿದ ಕಟ್ಟಿನ ಸಾರು, ಮೊಸರನ್ನ, ಎಣ್ಣೆಗಾಯಿ ಬದನೆ, ತುಪ್ಪ ಹಚ್ಚಿದ ಹೋಳಿಗೆಯ ತುಂಡುಗಳನ್ನೆಲ್ಲ ಬಾಲ್ಕನಿಯ ಮೂಲೆಯಲ್ಲಿದ್ದ ಬುಟ್ಟಿಗೆ ಹಾಕಿಬಿಟ್ಟೆ. ತರಕಾರಿ ಸಿಪ್ಪೆ ಕಂಡಿದ್ದರಿಂದ ಅದನ್ನು ಹಸಿ ಕಸದ ಡಬ್ಬಿ ಎಂದುಕೊಂಡಿದ್ದೆ. ಅದು ವೈನಿ ಎರಡು ತಿಂಗಳಿನಿಂದ ಸಿಪ್ಪೆ, ಒಣ ಎಲೆ, ತೆಂಗಿನ ನಾರಿನ ಪುಡಿ ಹಾಕಿ ಜೋಪಾನ ಮಾಡಿಕೊಂಡು ಬಂದಿದ್ದ ಗೊಬ್ಬರದ ಬುಟ್ಟಿ.

ನಾಲ್ಕನೆಯ ದಿನ ಬೆಳಿಗ್ಗೆ ಬಾಲ್ಕನಿಯ ಬಾಗಿಲು ತೆರೆದಾಗ ಹುಳಿತ ಮೊಸರಿನಂಥ ನಾತ ಬಂತು. ಬುಟ್ಟಿಯ ತಳದಿಂದ ಕಂದು ನೀರು ಜಿನುಗಿ ಕೆಳಗಿನ ಮನೆಯವರ ಒಣಹಾಕಿದ ಬಟ್ಟೆಗಳ ಕಡೆಗೆ ಹರಿಯುತ್ತಿತ್ತು. ಮೇಲಿನ ಪದರದಲ್ಲಿ ಬಿಳಿ ಹುಳುಗಳು ಮಿಸುಕಾಡುತ್ತಿದ್ದವು. ವೈನಿ ಒಂದು ಮಾತನ್ನೂ ಆಡದೆ ಕೈಗವಸು ಹಾಕಿಕೊಂಡು ಅದನ್ನೆಲ್ಲ ಕೆದಕುತ್ತಿದ್ದರು. ನಾನೇ ಕೇಳಿದ ಮೇಲೆ, “ಇದರಾಗ ಬೇಯಿಸಿದ್ದು ಹಾಕಂಗಿಲ್ಲ ನಾವು. ನಿನಗ ನಾನೇ ಮೊದಲ ಹೇಳಬೇಕಾಗಿತ್ತು ಬಿಡು” ಎಂದರು. ಬೈದಿದ್ದರೆ ನನಗೆ ಇಷ್ಟು ನಾಟುತ್ತಿರಲಿಲ್ಲ.

ಇಬ್ಬರೂ ಕೂತು ಸರಿಪಡಿಸಿದೆವು. ಅನ್ನ, ಸಾರು, ಎಣ್ಣೆ ಮತ್ತು ಹಾಲಿನ ಪದಾರ್ಥಗಳಲ್ಲಿ ನೀರು ಹಾಗೂ ಜಿಡ್ಡು ಹೆಚ್ಚು. ಅವು ಬುಟ್ಟಿಯೊಳಗಿನ ಸಂದುಗಳನ್ನು ಮುಚ್ಚಿ ಗಾಳಿ ಆಡದಂತೆ ಮಾಡುತ್ತವೆ, ಗಾಳಿ ಇಲ್ಲದ ಕಡೆ ಗೊಬ್ಬರವಾಗುವ ಬದಲು ಕೊಳೆತು ನಾರುತ್ತದೆ. ಹಾಗಾಗಿ ಮೇಲಿನ ಪದರವನ್ನು ತೆಗೆದು, ಉಳಿದದ್ದಕ್ಕೆ ಒಣ ಎಲೆಯನ್ನೂ ಹರಿದ ರಟ್ಟಿನ ಚೂರುಗಳನ್ನೂ ಬೆರೆಸಿ, ನಾನು ಹೊರಡುವವರೆಗೆ ದಿನಾ ಕೋಲಿನಿಂದ ತಿರುವಿದೆ. ನಾತ ಹೋಯಿತು. ಆದರೆ ಎರಡು ತಿಂಗಳ ಕೆಲಸದಲ್ಲಿ ಅರ್ಧ ಹಾಳಾಗಿತ್ತು.

ತೆಗೆದ ಪದರ ಎಲ್ಲಿಗೆ ಹೋಯಿತೆಂಬುದನ್ನೂ ಅಂದು ನೋಡಿದೆ. ಪುಣೆಯಲ್ಲಿ ಬಹಳಷ್ಟು ಮನೆಗಳ ಕಸವನ್ನು ಬಾಗಿಲಿಗೆ ಬಂದು ಒಯ್ಯುವವರು ‘ಸ್ವಚ್ಛ್’ ಸಹಕಾರಿ ಸಂಸ್ಥೆಯ ಸದಸ್ಯೆಯರು. 1993ರಲ್ಲಿ ಆರಂಭವಾದ ಕಸ ಆಯುವವರ ಸಂಘಟನೆಯಿಂದ ಹುಟ್ಟಿದ ಈ ಸಂಸ್ಥೆ 2008ರಲ್ಲಿ ಮಹಾನಗರಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಕೆಲಸ ಮಾಡುತ್ತಾ ಬಂದಿದೆ. ವೈನಿಯ ಮನೆಗೆ ಕಸ ಒಯ್ಯಲು ಬರುವ ಹೆಂಗಸನ್ನು ಎಲ್ಲರೂ ಮಾವಶಿ ಎನ್ನುತ್ತಾರೆ; ಅವರು ‘ಓಲಾ’ (ಹಸಿ), ‘ಸುಕಾ’ (ಒಣ) ಎಂದು ಎರಡನ್ನೂ ಬೇರೆ ಬೇರೆಯಾಗಿ ತೆಗೆದುಕೊಳ್ಳುತ್ತಾರೆ. ಪಕ್ಕದ ಮನೆಯವರು ಹಿಂದಿನ ರಾತ್ರಿಯ ಪಾರ್ಟಿಯ ಎಂಜಲನ್ನು ಚಮಚ, ಲೋಟ, ಬಾಟಲಿ ಸಮೇತ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಂಟು ಹಾಕಿ ಇಟ್ಟಿದ್ದರು. ಮಾವಶಿ ಗಂಟು ಬಿಚ್ಚಿ, ಗ್ರೇವಿಯೊಳಗೆ ಕೈ ಹಾಕಿ ಒಂದೊಂದೇ ಚಮಚವನ್ನು ಹೆಕ್ಕಿ ತೆಗೆದರು. ಒಣ ಕಸವನ್ನು ಮಾರಿ ಬರುವ ಹಣವೂ ಅವರ ಸಂಪಾದನೆಯ ಭಾಗ. ಗ್ರೇವಿಯಲ್ಲಿ ನೆನೆದ ಕಾಗದಕ್ಕೆ ಬೆಲೆಯೇ ಸಿಗುವುದಿಲ್ಲ. ಆ ಚೀಲವನ್ನು ಕಟ್ಟಿದವರು ಮನೆಯವರೋ, ಚೊಕ್ಕಟ ಮಾಡಿ ಹೊರಡೋಣವೆಂದ ಅತಿಥಿಗಳೋ ನನಗೆ ಗೊತ್ತಿಲ್ಲ, ಆದರೆ ನಾನೂ ಎಷ್ಟೋ ಮನೆಗಳಲ್ಲಿ ಒಳ್ಳೆಯ ಮನಸ್ಸಿನಿಂದಲೇ ಅಂಥ ಚೀಲಗಳನ್ನು ಕಟ್ಟಿಟ್ಟು ಬಂದಿದ್ದೆ.

ಅಂದಿನಿಂದ ಯಾರ ಮನೆಗೆ ಹೋದರೂ ತಟ್ಟೆ ಹಿಡಿದು ಏಳುವ ಮೊದಲು, “ಉಳಿದದ್ದು ಎಲ್ಲಿ ಹಾಕಲಿ?” ಎಂದು ಕೇಳುತ್ತೇನೆ. ಹಸಿ ಮತ್ತು ಒಣ ಕಸವನ್ನು ಬೇರ್ಪಡಿಸಬೇಕೆಂದು ದೇಶದ ಘನತ್ಯಾಜ್ಯ ನಿಯಮಗಳು ಹೇಳಿದ್ದರೂ ಒಂದೊಂದು ಮನೆಯಲ್ಲಿ ಒಂದೊಂದು ಏರ್ಪಾಡಿದೆ. ಕೆಲವರ ಸೊಸೈಟಿಯಲ್ಲೇ ಗೊಬ್ಬರದ ಗುಂಡಿಯಿದೆ, ಕೆಲವರು ಸಿಪ್ಪೆಗೊಂದು, ಬೇಯಿಸಿದ್ದಕ್ಕೊಂದು ಡಬ್ಬಿ ಇಟ್ಟಿರುತ್ತಾರೆ, ಕೆಲವರು ಮೂಳೆಯನ್ನು ಪ್ರತ್ಯೇಕವಾಗಿ ಕಟ್ಟುತ್ತಾರೆ. ಸಾರು, ಮಜ್ಜಿಗೆಯ ನೀರನ್ನು ಜಾಲರಿಯಲ್ಲಿ ಸೋಸಿ, ಗಟ್ಟಿಯಾದದ್ದನ್ನು ಮಾತ್ರ ಡಬ್ಬಿಗೆ ಹಾಕುತ್ತೇನೆ, ಎಣ್ಣೆಯನ್ನು ಸಿಂಕಿಗೆ ಸುರಿಯುವುದಿಲ್ಲ. ನಾನು ಒಯ್ದ ಸಿಹಿಯ ಪೆಟ್ಟಿಗೆ, ಹಣ್ಣಿನ ಚೀಲಗಳನ್ನು ಮರಳಿ ನನ್ನ ಮನೆಗೇ ತರುತ್ತೇನೆ.

ಬೇಡವೆಂದರೆ ಕೈ ತೆಗೆಯುವುದೂ ಅಷ್ಟೇ ಮುಖ್ಯ. ಮಡಿ ಆಚರಿಸುವ ಮನೆಗಳಲ್ಲಿ ಎಂಜಲು ತಟ್ಟೆಯೊಡನೆ ಅಡುಗೆಮನೆಯ ಹೊಸ್ತಿಲು ದಾಟಿದರೆ ಹಿರಿಯರ ಮನಸ್ಸಿಗೆ ನೋವಾಗುತ್ತದೆ. ಅಂಥಲ್ಲಿ ನಾನು ಎಲೆಯ ಮೇಲೆಯೇ ಕರಿಬೇವು, ಮೆಣಸಿನಕಾಯಿ, ನಿಂಬೆಯ ಹೋಳನ್ನು ಒಂದು ಬದಿಗೆ ಸರಿಸಿ, ಎಲೆಯೊಳಗೆ ಕಾಗದದ ಲೋಟವನ್ನಾಗಲಿ ಟಿಶ್ಯೂವನ್ನಾಗಲಿ ಸೇರಿಸದೆ ಮಡಚಿ ಏಳುತ್ತೇನೆ. ಎತ್ತುವವರಿಗೆ ಅಷ್ಟರಿಂದಲೇ ಅರ್ಧ ಕೆಲಸ ಹಗುರಾಗುತ್ತದೆ.

ಹೋದ ವರ್ಷ ಮೊಮ್ಮಗನ ನಾಮಕರಣಕ್ಕೆ ನಮ್ಮ ಮನೆಗೇ ನಲವತ್ತು ಜನ ಬಂದಾಗ ಕೈತೊಳೆಯುವ ಜಾಗದ ಪಕ್ಕದಲ್ಲಿ ಮೂರು ಪಾತ್ರೆ ಇಟ್ಟಿದ್ದೆ: ಜಾಲರಿ ಹೊದಿಸಿದ ಪಾತೇಲಿ, ಸ್ಟೀಲಿನ ಬಕೆಟ್ಟು, ರಟ್ಟಿನ ಪೆಟ್ಟಿಗೆ. ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಅಂಟಿಸಿದ್ದೆ. ಆದರೂ ಕೈಯಲ್ಲಿ ತಟ್ಟೆ ಹಿಡಿದವರು ಚೀಟಿ ಓದುವುದಿಲ್ಲ, ತಮಗಿಂತ ಮುಂದಿನವರು ಎಲ್ಲಿ ಹಾಕಿದರೋ ಅಲ್ಲೇ ಹಾಕುತ್ತಾರೆ. ಅದಕ್ಕಾಗಿ ಮೊದಲ ಪಂಕ್ತಿ ಏಳುವಾಗ ಹತ್ತು ನಿಮಿಷ ನಾನೇ ಅಲ್ಲಿ ನಿಂತೆ. ಕಾಗದದ ಲೋಟದ ಒಳಗೆ ಪ್ಲಾಸ್ಟಿಕ್ ಲೇಪವಿರುವುದರಿಂದ ಅದು ಹಸಿ ಕಸವಲ್ಲವೆಂದು ನಾಲ್ಕೈದು ಜನರಿಗೆ ಹೇಳಿದ ಮೇಲೆ, ಎರಡನೆಯ ಪಂಕ್ತಿಯವರಿಗೆ ಒಬ್ಬ ಹುಡುಗನೇ ಅದನ್ನು ಹೇಳಿಕೊಡತೊಡಗಿದ. ಎಪ್ಪತ್ತು ದಾಟಿದವರ ಎಲೆಗಳನ್ನು ಮಾತ್ರ ಯಾರಿಗೂ ಬಿಡದೆ ನಾನೇ ಎತ್ತಿದೆ. ಅವರು ಹೋದ ಮೇಲೆ, ಇಡೀ ಎಲೆ ಬೇಗ ಕೊಳೆಯುವುದಿಲ್ಲವಾದ್ದರಿಂದ, ವೈನಿಯೂ ನಾನೂ ಕೂತು ನಡುವಿನ ದಿಂಡು ತೆಗೆದು, ಕತ್ತರಿಯಿಂದ ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ನನ್ನ ಬಾಲ್ಕನಿಯ ಬುಟ್ಟಿಗೆ ಒಣ ಎಲೆಯೊಡನೆ ಪದರ ಪದರವಾಗಿ ಹಾಕಿದೆವು.