ಮಿಷನ್ ಎಂಬ್ರಾಯ್ಡರಿಗೆ ದಾರ ಆರಿಸುವುದು ಹೇಗೆ?

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಕಡೆ ರವಿಕೆಯ ತೋಳಿಗೆ ಬಳ್ಳಿ, ಸಮವಸ್ತ್ರದ ಜೇಬಿಗೆ ಶಾಲೆಯ ಲಾಂಛನ ಹಾಕಿಕೊಡುವ ಕೆಲಸಕ್ಕೆಂದು ಕಂಪ್ಯೂಟರ್ ಎಂಬ್ರಾಯ್ಡರಿ ಮಿಷನ್ ಕೊಂಡವರು ದಾರದ ಅಂಗಡಿಗೆ ಹೋದಾಗ ಮೊದಲು ನೋಡುವುದು ಬಣ್ಣವನ್ನು. ವಾಸ್ತವವಾಗಿ ಬಣ್ಣ ಕೊನೆಗೆ ನೋಡಬೇಕಾದ ಸಂಗತಿ. ಕೆಲಸ ಮುಗಿದ ಬಟ್ಟೆಯನ್ನು ಯಾರು ಉಡುತ್ತಾರೆ, ಎಷ್ಟು ಸಲ ಒಗೆಯುತ್ತಾರೆ, ಹೇಗೆ ಒಗೆಯುತ್ತಾರೆ ಎಂಬುದನ್ನು ಮೊದಲೇ ಕೇಳಿಕೊಂಡರೆ ಮುಂದಿನ ಆಯ್ಕೆಗಳು ಸುಲಭವಾಗುತ್ತವೆ.

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಎರಡು ಬಗೆಯ ದಾರ: ರೇಯಾನ್ ಮತ್ತು ಪಾಲಿಯೆಸ್ಟರ್. ಮರದ ತಿರುಳಿನಿಂದ ತಯಾರಾಗುವ ರೇಯಾನ್ ಮೃದುವಾಗಿರುತ್ತದೆ, ಅದರ ಹೊಳಪು ಕಣ್ಣು ಕುಕ್ಕದೆ ರೇಷ್ಮೆಯ ಹೊಳಪಿಗೆ ಹತ್ತಿರವಾಗಿರುತ್ತದೆ. ಆದರೆ ನೆನೆದಾಗ ಅದರ ಬಲ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ; ಒಣಗಿದ ಮೇಲೆ ಬಲ ಮರಳಿದರೂ, ಒಗೆಯುವ ಕಲ್ಲಿನ ಮೇಲೆ ಉಜ್ಜುವ ಹೊತ್ತಿನಲ್ಲಿಯೇ ಎಳೆ ಕಿತ್ತುಬರುವ ಅಪಾಯವಿರುತ್ತದೆ. ನಮ್ಮ ಜಿಲ್ಲೆಗಳ ಬಹುಪಾಲು ಊರುಗಳಲ್ಲಿ ಬಳಕೆಗೆ ಸಿಗುವುದು ಗಡಸು ಬೋರ್‌ವೆಲ್ ನೀರು. ಅದರಲ್ಲಿ ಸೋಪು ಸರಿಯಾಗಿ ನೊರೆ ಬಿಡದ ಕಾರಣ ಜನರು ಬಟ್ಟೆಯನ್ನು ಇನ್ನಷ್ಟು ತಿಕ್ಕುತ್ತಾರೆ ಎಂಬುದನ್ನು ದಾರ ಆರಿಸುವವರು ನೆನಪಿನಲ್ಲಿಡಬೇಕು. ಹೀಗಾಗಿ ಸಮವಸ್ತ್ರ, ಮಕ್ಕಳ ಫ್ರಾಕು, ದಿಂಬಿನ ಕವರ್, ಬಿಸಿಲಿಗೆ ಬೀಳುವ ಬಾಗಿಲ ಪರದೆ ಇವಕ್ಕೆಲ್ಲ ಪಾಲಿಯೆಸ್ಟರ್ ದಾರವೇ ಸೂಕ್ತ. ಅದು ನೀರಿನಲ್ಲಿ ಬಲ ಕಳೆದುಕೊಳ್ಳುವುದಿಲ್ಲ, ಬ್ಲೀಚಿಂಗ್ ಪೌಡರಿಗೂ ಬಹಳ ಮಟ್ಟಿಗೆ ತಡೆಯುತ್ತದೆ. ಡ್ರೈ ಕ್ಲೀನಿಂಗ್‌ಗೆ ಕೊಡುವ ರೇಷ್ಮೆ ರವಿಕೆಗೆ ರೇಯಾನ್ ಬಳಸಿದರೆ ಅಂದ ಹೆಚ್ಚುತ್ತದೆ, ಬಾಳಿಕೆಗೂ ತೊಂದರೆಯಿಲ್ಲ.

ಪಾಲಿಯೆಸ್ಟರ್ ಎಂದಾಕ್ಷಣ ಸಾಮಾನ್ಯ ಹೊಲಿಗೆಯ ರೀಲನ್ನು ಮಿಷನ್ನಿಗೆ ಹಾಕಬಾರದು. ಆ ದಾರ ತುಂಡು ನಾರುಗಳಿಂದ ನೂತದ್ದು. ಅದಕ್ಕೆ ಹೊಳಪಿಲ್ಲ, ಮೇಲಾಗಿ ಅದು ಬಿಡುವ ನಯವಾದ ಧೂಳು ದಾರವನ್ನು ಬಿಗಿಹಿಡಿಯುವ ಟೆನ್ಷನ್ ತಟ್ಟೆಗಳಲ್ಲಿಯೂ ಕೆಳಗಿನ ದಾರವಿರುವ ಬಾಬಿನ್ ಕೇಸಿನ ಸುತ್ತಲೂ ಸೇರಿಕೊಳ್ಳುತ್ತದೆ. ಎಂಬ್ರಾಯ್ಡರಿಯ ಪಾಲಿಯೆಸ್ಟರ್ ಉದ್ದವಾದ ಅಖಂಡ ಎಳೆಗಳಿಂದಾಗಿದ್ದು, ಒಳ್ಳೆಯ ದರ್ಜೆಯದರಲ್ಲಿ ಪ್ರತಿ ಎಳೆಯೂ ಮೂರು ಮೂಲೆಯ ಆಕಾರದಲ್ಲಿರುವುದರಿಂದ ಬೆಳಕು ಪ್ರತಿಫಲಿಸಿ ಹೊಳೆಯುತ್ತದೆ.

ಅಂಗಡಿಯಲ್ಲಿ ‘ಸಿಲ್ಕ್ ದಾರ’ ಎಂಬ ಹೆಸರಿನಲ್ಲಿ ಕೊಡುವುದು ಬಹುತೇಕ ರೇಯಾನ್ ಅಥವಾ ಪಾಲಿಯೆಸ್ಟರ್ ಆಗಿರುತ್ತದೆ. ಅನುಮಾನವಿದ್ದರೆ ಗೇಣುದ್ದದ ಎಳೆಯನ್ನು ಚಿಮುಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ, ಬಟ್ಟೆಗಳಿಂದ ದೂರದಲ್ಲಿ ಬೆಂಕಿ ತಾಗಿಸಿ ನೋಡಬಹುದು. ರೇಯಾನ್ ಕಾಗದದಂತೆ ಬೇಗನೆ ಉರಿದು ಮೆತ್ತನೆಯ ಬೂದಿ ಬಿಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಕೂದಲು ಸುಟ್ಟ ವಾಸನೆ ಬಂದರೆ ಮಾತ್ರ ಅದು ರೇಷ್ಮೆ.

ಎರಡನೆಯ ಹಂತದಲ್ಲಿ ದಪ್ಪವನ್ನು ನಿರ್ಧರಿಸಬೇಕು. ದಾರ ಸುತ್ತಿರುವ ಕೋನಿನ ಚೀಟಿಯ ಮೇಲೆ 30, 40, 60 ಎಂಬ ನಂಬರುಗಳಿರುತ್ತವೆ. 40 ನಂಬರ್ ದಾರದ 40 ಕಿಲೋಮೀಟರ್ ಉದ್ದ ಸುಮಾರು ಒಂದು ಕಿಲೋ ತೂಗುತ್ತದೆ ಎಂಬುದು ಇದರ ಲೆಕ್ಕ. ಆದ್ದರಿಂದ ನಂಬರ್ ಹೆಚ್ಚಿದಂತೆ ದಾರ ತೆಳುವಾಗುತ್ತದೆ. ಕೆಲವು ಚೀಟಿಗಳಲ್ಲಿ 120/2 ಎಂದಿರುತ್ತದೆ. ಅದು ಡೆನಿಯರ್ ಲೆಕ್ಕ, ಅಂದರೆ 9,000 ಮೀಟರ್ ಎಳೆಯ ತೂಕ ಎಷ್ಟು ಗ್ರಾಂ ಎಂಬುದು. 120 ಡೆನಿಯರಿನ ಎರಡು ಎಳೆ ಹುರಿಗೊಂಡರೆ 240 ಡೆನಿಯರ್ ಆಗಿ, ಹೆಚ್ಚುಕಡಿಮೆ 40 ನಂಬರಿಗೆ ಸಮನಾಗುತ್ತದೆ. 75/2 ಎಂದಿದ್ದರೆ ಅದು 60 ನಂಬರ್. ಶಿಡ್ಲಘಟ್ಟದ ರೀಲರುಗಳಿಗೆ ಈ ಲೆಕ್ಕ ಹೊಸದೇನಲ್ಲ. ಅಲ್ಲಿ ಗೂಡಿನಿಂದ ತೆಗೆಯುವ ಕಚ್ಚಾ ರೇಷ್ಮೆ ಸಾಮಾನ್ಯವಾಗಿ 20ರಿಂದ 22 ಡೆನಿಯರಿನದು. ಅಂಥ ಹತ್ತು-ಹನ್ನೊಂದು ಎಳೆ ಕೂಡಿದರೆ ಮಾತ್ರ ಒಂದು 40 ನಂಬರ್ ದಾರದ ದಪ್ಪ ಬರುತ್ತದೆ. ಮೇಲಾಗಿ ಕಚ್ಚಾ ರೇಷ್ಮೆಯ ಮೈಮೇಲೆ ಅಂಟು ಇರುತ್ತದೆ. ಹುರಿ ಹಾಕಿ, ಅಂಟು ತೆಗೆದು, ಬಣ್ಣ ಕೊಟ್ಟ ನಂತರವೇ ಅದು ಸೂಜಿಗೆ ಏರಬಲ್ಲದು. ಊರಿನಲ್ಲಿಯೇ ರೇಷ್ಮೆ ಇದೆಯಲ್ಲ ಎಂದು ನೇರವಾಗಿ ಮಿಷನ್ನಿಗೆ ಹಾಕಲಾಗದು.

ಕೊಂಡುಕೊಳ್ಳುವ ಡಿಸೈನ್ ಫೈಲುಗಳು ಬಹುತೇಕ 40 ನಂಬರ್ ದಾರವನ್ನು ಲೆಕ್ಕಕ್ಕಿಟ್ಟುಕೊಂಡೇ ತಯಾರಾಗಿರುತ್ತವೆ. ಅದೇ ಡಿಸೈನಿಗೆ 30 ನಂಬರ್ ಹಾಕಿದರೆ ಹೊಲಿಗೆಗಳು ಒಂದರ ಮೇಲೊಂದು ಇಕ್ಕಟ್ಟಾಗಿ ಬಟ್ಟೆ ಹಲಗೆಯಂತೆ ಸೆಟೆದುಕೊಳ್ಳುತ್ತದೆ, ದಾರವೂ ಪದೇ ಪದೇ ತುಂಡಾಗುತ್ತದೆ. 60 ಹಾಕಿದರೆ ಸಂದಿಯಲ್ಲಿ ಬಟ್ಟೆ ಕಾಣಿಸುತ್ತದೆ. ಹೊಸಬರು 40ರಲ್ಲಿಯೇ ನಿಲ್ಲುವುದು ಒಳ್ಳೆಯದು. ಐದಾರು ಮಿಲಿಮೀಟರಿಗಿಂತ ಚಿಕ್ಕ ಅಕ್ಷರಗಳಿದ್ದಾಗ ಮಾತ್ರ 60 ಬೇಕಾಗುತ್ತದೆ. ಕನ್ನಡದ ಒತ್ತಕ್ಷರ, ಸೊನ್ನೆ, ಸುಳಿಗಳು ದಪ್ಪ ದಾರದಲ್ಲಿ ಮುಚ್ಚಿಹೋಗುವುದರಿಂದ, ಶಾಲೆಯ ಹೆಸರನ್ನು ಕನ್ನಡದಲ್ಲಿ ಹಾಕುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಸೂಜಿ ದಾರಕ್ಕೆ ಹೊಂದಬೇಕು (ಸೂಜಿಯ ಒಂದೇ ಗಾತ್ರವನ್ನು ಎರಡು ಪದ್ಧತಿಯಲ್ಲಿ ಹೇಳುವ ಜೋಡಿ ನಂಬರುಗಳಿವು): 40 ನಂಬರಿಗೆ 75/11, 60 ನಂಬರಿಗೆ 65/9, 30 ನಂಬರಿಗೆ 90/14. ಬಾಬಿನ್ನಿಗೆ 60 ಅಥವಾ 90 ನಂಬರಿನ ತೆಳುವಾದ ದಾರ ಸಾಕು. ತಿಳಿ ಬಟ್ಟೆಗೆ ಬಿಳಿ, ಗಾಢ ಬಟ್ಟೆಗೆ ಕಪ್ಪು. ಸೆರಗು, ದುಪಟ್ಟಾದಂತೆ ಎರಡೂ ಮಗ್ಗುಲು ಕಾಣುವ ಕಡೆ ಮಾತ್ರ ಮೇಲಿನ ಬಣ್ಣವನ್ನೇ ಕೆಳಗೂ ಹಾಕಬೇಕಾಗುತ್ತದೆ.

ಜರಿಯ ವಿಷಯವೇ ಬೇರೆ. ಮದುವೆ ರವಿಕೆಗೆ ಜರಿ ಬೇಕೇ ಬೇಕು ಎನ್ನುವ ಗಿರಾಕಿಗಳೇ ಹೆಚ್ಚು, ಮಿಷನ್ನಿಗೆ ಹೆಚ್ಚು ಕಾಟ ಕೊಡುವ ದಾರವೂ ಅದೇ. ಲೋಹದ ಲೇಪವಿರುವ ತೆಳು ಪಟ್ಟಿಯನ್ನು ಒಳಗಿನ ಎಳೆಯ ಸುತ್ತ ಸುತ್ತಿ ಮಾಡಿದ ಈ ದಾರ ಸೂಜಿಯ ಕಣ್ಣಿನಲ್ಲಿ ಉಜ್ಜಿದಾಗ ಸುಲಿದುಕೊಂಡು ಗಂಟು ಬೀಳುತ್ತದೆ. ಒಂದಡಿ ದಾರ ಬಿಚ್ಚಿ ಸಡಿಲ ಬಿಟ್ಟಾಗ ತನ್ನಷ್ಟಕ್ಕೆ ತಾನೇ ಸುರುಳಿ ಸುತ್ತಿಕೊಳ್ಳುವ ಜರಿಯನ್ನು ಕೊಳ್ಳದಿರುವುದೇ ಲೇಸು. ಕೊಂಡ ಜರಿಗೆ ಕಣ್ಣು ದೊಡ್ಡದಿರುವ 90/14 ಸೂಜಿ ಹಾಕಿ, ಮೇಲಿನ ಟೆನ್ಷನ್ ಸಡಿಲಿಸಿ, ವೇಗವನ್ನು ನಿಮಿಷಕ್ಕೆ 400ರಿಂದ 500 ಹೊಲಿಗೆಗೆ ಇಳಿಸಬೇಕು. ಕೋನನ್ನು ಮಿಷನ್ನಿನಿಂದ ಸ್ವಲ್ಪ ದೂರದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರೆ ಸುರುಳಿ ಬಿಡಿಸಿಕೊಳ್ಳಲು ದಾರಕ್ಕೆ ಅವಕಾಶವಾಗುತ್ತದೆ. ಕೈಮಗ್ಗದ ಸೀರೆಗೆ ಬಳಸುವ ಜರಿಯನ್ನು ಸೂಜಿಗೆ ಹಾಕುವ ಪ್ರಯತ್ನ ಬೇಡ.

ಇನ್ನು ಬಣ್ಣ. ಟ್ಯೂಬ್‌ಲೈಟಿನ ಕೆಳಗೆ ನಿರ್ಧರಿಸದೆ ದಾರವನ್ನೂ ಬಟ್ಟೆಯನ್ನೂ ಅಂಗಡಿಯ ಬಾಗಿಲಿಗೆ ತಂದು ಹಗಲು ಬೆಳಕಿನಲ್ಲಿ ನೋಡಬೇಕು. ಸುತ್ತಿದ ಕೋನಿನಲ್ಲಿ ಬಣ್ಣ ಗಾಢವಾಗಿ ಕಾಣುವುದರಿಂದ ಎರಡು ಮೊಳ ಬಿಚ್ಚಿ ಬಟ್ಟೆಯ ಮೇಲೆ ಹರಡಿದರೆ ನಿಜವಾದ ಛಾಯೆ ತಿಳಿಯುತ್ತದೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಾಗಿರುವ ರೇಷ್ಮೆಯಲ್ಲಿ ಬಟ್ಟೆಯನ್ನು ತೋಳಿನ ಮೇಲೆ ಇಳಿಬಿಟ್ಟು, ಉಟ್ಟಾಗ ಎದ್ದು ಕಾಣುವ ಬಣ್ಣಕ್ಕೆ ದಾರ ಹೊಂದಿಸಬೇಕು. ಕೆಂಪು, ಮರೂನ್, ಕಡುನೀಲಿ ದಾರಗಳು ಬಣ್ಣ ಬಿಡುತ್ತವೆಯೇ ಎಂದು ತಿಳಿಯಲು, ಎಳೆಗಳನ್ನು ಸೋಪುನೀರಿನಲ್ಲಿ ಅದ್ದಿ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಇಡಬೇಕು.

ಕೊನೆಯದಾಗಿ, ಗಿರಾಕಿಯ ಬಟ್ಟೆಗೆ ಕೈ ಹಾಕುವ ಮೊದಲು ಅದೇ ಬಗೆಯ ತುಂಡಿನ ಮೇಲೆ, ಬಟ್ಟೆಯ ಹಿಂದೆ ಆಧಾರಕ್ಕಿಡುವ ಅದೇ ಬ್ಯಾಕಿಂಗ್ ಪೇಪರ್ ಇಟ್ಟು, ಸ್ವಲ್ಪ ಭಾಗ ಹೊಲಿದು ಹಿಂಬದಿ ನೋಡಬೇಕು. ಅಗಲ ಹೊಲಿಗೆಯ ನಡುವಿನ ಮೂರನೇ ಒಂದು ಭಾಗದಲ್ಲಿ ಬಾಬಿನ್ ದಾರ, ಅದರ ಎರಡೂ ಬದಿಗೆ ಮೇಲಿನ ದಾರ ಕಂಡರೆ ಟೆನ್ಷನ್ ಸರಿಯಿದೆ. ಬಾಬಿನ್ ದಾರ ಮುಂಬದಿಗೆ ಇಣುಕಿದರೆ ಮೇಲಿನ ಟೆನ್ಷನ್ ಸಾಮಾನ್ಯವಾಗಿ ಬಿಗಿಯಾಗಿರುತ್ತದೆ. ಪಾಲಿಯೆಸ್ಟರ್ ತುಸು ಹಿಗ್ಗುವ ದಾರವಾದ್ದರಿಂದ, ಹಾಗೆಯೇ ಹೊಲಿದರೆ ಫ್ರೇಮಿನಿಂದ ತೆಗೆದ ಮೇಲೆ ಅದು ಕುಗ್ಗಿ ತೆಳು ಬಟ್ಟೆಯಲ್ಲಿ ಸುಕ್ಕು ಬೀಳುತ್ತದೆ. ಮಾದರಿ ಒಪ್ಪಿಗೆಯಾದರೆ ದಾರದ ನಂಬರ್, ಶೇಡ್ ನಂಬರ್, ಲಾಟ್ ನಂಬರ್ (ಒಟ್ಟಿಗೆ ಬಣ್ಣ ಕೊಟ್ಟ ದಾರಗಳ ಗುರುತು) ಇವನ್ನು ಆ ತುಂಡಿನ ಮೇಲೆಯೇ ಬರೆದಿಟ್ಟುಕೊಂಡು, ದೊಡ್ಡ ಆರ್ಡರಿಗೆ ಬೇಕಾದ ಕೋನುಗಳನ್ನು ಒಂದೇ ಲಾಟಿನಿಂದ ಒಟ್ಟಿಗೆ ಕೊಳ್ಳಬೇಕು.